ಮೇವಿನ ಮಷೀನು ನಮ್ಮದು, ಪಾನಾ ಯಾರದು?



ಹೋದ ಬೇಸಿಗೆಯ ಒಂದು ಸಂಜೆ. ಸಂಘಕ್ಕೆ ಹಾಲು ಹಾಕಲು ಹೋಗುವ ಮೊದಲು ದನಗಳಿಗೆ ಭತ್ತದ ಹುಲ್ಲು ಕತ್ತರಿಸೋಣವೆಂದು ಮೇವಿನ ಮಷೀನಿನ ಸ್ವಿಚ್ಚು ಹಾಕಿದೆ. ಕಟಕಟ ಎಂದು ಬೇರೆಯೇ ಸದ್ದು. ತಕ್ಷಣ ಆರಿಸಿ ನೋಡಿದರೆ ಬ್ಲೇಡಿನ ಬೋಲ್ಟು ಸಡಿಲವಾಗಿತ್ತು. ಬಿಗಿ ಮಾಡಲು ಎರಡು ನಿಮಿಷದ ಕೆಲಸ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ, ಬೆಳ್ಳಿಯಂತೆ ಹೊಳೆಯುವ ಸ್ಕ್ರೂ ಪಾನಾ ಮನೆಯಲ್ಲಿತ್ತು. ನಟ್ಟಿಗೆ ಹಾಕಿ ಎಳೆದೆ. ಪಾನಾದ ಬಾಯಿ ತಾನೇ ಅಗಲವಾಯಿತು, ಕೈ ಜಾರಿತು, ಬೆರಳಿನ ಗೆಣ್ಣಿನ ಚರ್ಮ ಕಿತ್ತುಬಂತು. ಹಟ ಬಿಡದೆ ಇನ್ನೆರಡು ಸಲ ಎಳೆದಾಗ ನಟ್ಟಿನ ಮೂಲೆಗಳೆಲ್ಲ ಸವೆದು ಅದು ಗೋಲಿಯ ಹಾಗೆ ಗುಂಡಗಾಯಿತು.

ಮೆಕ್ಯಾನಿಕ್ ಬಂದದ್ದು ಮೂರನೆಯ ದಿನ. ನಟ್ಟನ್ನು ಉಳಿಯಿಂದ ಒಡೆದು ತೆಗೆಯಬೇಕಾಯಿತು. ಅಲ್ಲಿಯವರೆಗೆ ಕತ್ತರಿಸದೆ ಹಾಕಿದ ಹುಲ್ಲನ್ನು ದನಗಳು ಅರ್ಧ ತಿಂದವು, ಅರ್ಧ ತುಳಿದವು. ಹಾಲು ದಿನಕ್ಕೆ ಎರಡು ಲೀಟರ್ ಇಳಿಯಿತು. ಮೆಕ್ಯಾನಿಕ್ ಕೂಲಿ, ಹೊಸ ಬೋಲ್ಟು, ಹೋದ ಹಾಲು ಎಲ್ಲ ಕೂಡಿಸಿ ನೋಡಿದೆ. ಆ ದುಡ್ಡಿಗೆ ಒಳ್ಳೆಯ ಪಾನಾ ಎರಡು ಬರುತ್ತಿದ್ದವು.

ಇದು ನನ್ನೊಬ್ಬಳ ಮನೆಯ ಕಥೆಯಲ್ಲ. ಕಂಪ್ಲಿ ಕಡೆ ಭತ್ತದ ಹುಲ್ಲು, ಹೊಸಪೇಟೆ ಕಡೆ ಕಬ್ಬಿನ ಸೋಗೆ, ಸಂಡೂರಿನ ಕಡೆ ಜೋಳದ ಸೊಪ್ಪೆ. ಯಾವುದನ್ನೇ ಹಾಕಿದರೂ ಕತ್ತರಿಸಿ ಹಾಕಿದರೆ ಮೇವು ಹಾಳಾಗುವುದು ಕಡಿಮೆ. ಹಾಗಾಗಿ ಮಷೀನು ಮನೆ ಮನೆಗೆ ಬಂದಿದೆ. ಹಾಲು ಕರೆಯುವ ಯಂತ್ರ, ನೀರಿನ ಮೋಟಾರು, ಗೋಬರ್ ಗ್ಯಾಸಿನ ವಾಲ್ವೂ ಬಂದಿವೆ. ಇವುಗಳಲ್ಲೆಲ್ಲ ನಟ್ಟು ಬೋಲ್ಟು ಇದ್ದೇ ಇವೆ, ದಿನವೂ ಅಲುಗಾಡಿ ಸಡಿಲಾಗುತ್ತವೆ. ಆದರೆ ಬಿಗಿ ಮಾಡುವ ಪಾನಾ ಗಂಡನ ಬೈಕಿನ ಡಿಕ್ಕಿಯಲ್ಲೋ, ಮೈದುನನ ಟ್ರ್ಯಾಕ್ಟರಿನಲ್ಲೋ ಇರುತ್ತದೆ. ನಾವು ಸಡಿಲ ಬ್ಲೇಡಿನ ಮುಂದೆ ಅವರ ದಾರಿ ಕಾಯುತ್ತ ಕೂರುತ್ತೇವೆ. ಕಾಯಲಾಗದವರು ಹಾಗೇ ಸ್ವಿಚ್ಚು ಹಾಕುತ್ತಾರೆ. ತಿರುಗುವ ಚಕ್ರದಿಂದ ಬ್ಲೇಡು ಕಿತ್ತು ಹಾರಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಪಾನಾ ಕೊಳ್ಳಲು ಅಂಗಡಿಗೆ ಹೋದರೆ ಅದೂ ಒಂದು ಅನುಭವ. "ಇದು ನಿಮಗ ತಿಳಿಯಲ್ಲಮ್ಮಾ, ಮನ್ಯಾಗ ಯಾರಾದ್ರೂ ಗಂಡಸ್ರನ್ನ ಕಳಸ್ರಿ" ಅಂದರು ಒಬ್ಬರು. ನಾನು ಅಂದೆ, "ಅಣ್ಣಾ, ಎಮ್ಮಿ ಹಲ್ಲು ನೋಡಿ ವಯಸ್ಸು ಹೇಳ್ತೀನಿ. ಪಾನಾದ ಬಾಯಿ ನೋಡಿದ್ರ ತಿಳಿಯಲ್ಲೇನು? ನಾಕು ತೆಗೆದು ಮುಂದ ಇಡು." ಇಟ್ಟರು. ನೋಡಿ ನೋಡಿಯೇ ಕಲಿತೆ.

ಕಲಿತದ್ದನ್ನು ಹೇಳುತ್ತೇನೆ. ಮೊದಲು ಸರಿಯುವ ಬಾಯಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಸ್ವಲ್ಪ ಅಲುಗು ಇರುವುದು ಸಹಜ, ಲೊಡಲೊಡ ಅನ್ನಬಾರದು. ಸ್ಕ್ರೂವನ್ನು ಪೂರ್ತಿ ತೆರೆದು ಪೂರ್ತಿ ಮುಚ್ಚಿ. ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಸಮ ತಿರುಗಬೇಕು. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಂದು, ಇನ್ನೊಂದು ತುದಿಯಲ್ಲಿ ಬಿಗಿ ಇದ್ದರೆ ಅದು ಬೇಡ. ಹೊಳಪಿಗೆ ಮರುಳಾಗಬೇಡಿ. ಎರಕ ಹೊಯ್ದ ಕಳಪೆ ಕಬ್ಬಿಣಕ್ಕೂ ಬೆಳ್ಳಿ ಬಣ್ಣ ಹಚ್ಚಬಹುದು. ಕಾಯಿಸಿ ಬಡಿದು ಮಾಡಿದ ಉಕ್ಕಿನ ಪಾನಾ ಕಪ್ಪಗಿದ್ದರೂ ಬಾಳಿಕೆ ಬರುತ್ತದೆ. ಕಂಪನಿಯ ಹೆಸರು ಮತ್ತು ಅಳತೆ ಸ್ಟಿಕ್ಕರಿನಲ್ಲಲ್ಲ, ಹಿಡಿಯ ಮೇಲೆಯೇ ಮೂಡಿರಬೇಕು. ಈ ಪಾನಾಕ್ಕೆ ನಮ್ಮ ದೇಶದ ಮಾನದಂಡವೂ ಇದೆ, ಅದರ ಸಂಖ್ಯೆ ಐಎಸ್ 6149. ಪ್ಯಾಕೆಟ್ಟಿನ ಮೇಲೆ ತಯಾರಕರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು. ಹೊರದೇಶದ ಮಾಲಾದರೆ ಯಾವ ದೇಶದ್ದೆಂದೂ ಬರೆದಿರಬೇಕು. ಇದು 2011ರ ಪ್ಯಾಕೆಟ್ ಸಾಮಗ್ರಿಗಳ ನಿಯಮ. ಏನೂ ಬರೆದಿಲ್ಲದ ಮಾಲು ಕೆಟ್ಟರೆ ಯಾರನ್ನು ಕೇಳುತ್ತೀರಿ?

ಮನೆಗೆ 8 ಇಂಚಿನದೋ 10 ಇಂಚಿನದೋ ಒಂದು ಸಾಕು. 8 ಇಂಚಿನ ಬಾಯಿ ಸುಮಾರು 24 ಮಿ.ಮೀ. ತೆರೆಯುತ್ತದೆ. ಬೆಲೆ ಒಂದು ಚೀಲ ಪಶು ಆಹಾರಕ್ಕಿಂತ ಎಷ್ಟೋ ಕಡಿಮೆ. ಬ್ಲೇಡಿನ ನಟ್ಟಿಗೆ ಅದರದೇ ಅಳತೆಯ ರಿಂಗ್ ಪಾನಾ ಇದ್ದರೆ ಇನ್ನೂ ಉತ್ತಮ, ಅದು ಜಾರುವುದಿಲ್ಲ. ಉಳಿದ ಹತ್ತು ಕೆಲಸಕ್ಕೆ ಸ್ಕ್ರೂ ಪಾನಾ. ಬಳಸುವಾಗ ಪ್ಲಗ್ಗು ಕಿತ್ತು, ಚಕ್ರಕ್ಕೆ ಕಟ್ಟಿಗೆ ಕೊಟ್ಟು ನಿಲ್ಲಿಸಿ. ಪಾನಾದ ಬಾಯಿ ನಟ್ಟನ್ನು ಗಟ್ಟಿಯಾಗಿ ಕಚ್ಚಿರಲಿ. ಸರಿಯುವ ಬಾಯಿ ಇರುವ ಕಡೆಗೇ ತಿರುಗಿಸಿ, ಆಗ ಭಾರ ಸರಿಯದ ಬಾಯಿಯ ಮೇಲೆ ಬೀಳುತ್ತದೆ. ದೂಡಬೇಡಿ, ನಿಮ್ಮ ಕಡೆಗೆ ಎಳೆಯಿರಿ. ಹಿಡಿಗೆ ಪೈಪು ಸಿಕ್ಕಿಸಿ ಎಳೆಯುವುದು, ಪಾನಾವನ್ನೇ ಸುತ್ತಿಗೆ ಮಾಡುವುದು ಎರಡೂ ಬೇಡ.

ನಮ್ಮ ದೇಶದ್ದೇ ಒಳ್ಳೆಯದು ಸಿಗುತ್ತದೆಯೇ? ಸಿಗುತ್ತದೆ. ನಾಸಿಕ್, ಜಲಂಧರ್, ಲೂಧಿಯಾನಾದ ಕಾರ್ಖಾನೆಗಳ ಪಾನಾಗಳು ಹೊರದೇಶಕ್ಕೂ ಹೋಗುತ್ತವೆ. ನಾಸಿಕ್‌ನ ಟಪಾರಿಯಾ ಕಂಪನಿ 1969ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಕೈ ಸಲಕರಣೆ ಮಾಡಲು ಶುರುಮಾಡಿತು. ಇಂಥದ್ದೇ ಕಂಪನಿಯದು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಗೆದ್ದದ್ದನ್ನು ಕೊಳ್ಳಿ. ಒಳ್ಳೆಯದು ದೇಶದಲ್ಲಿದೆ, ನಮ್ಮ ಹಳ್ಳಿಯ ಸಂತೆಗೆ ಬರುವುದಿಲ್ಲ, ಅಷ್ಟೇ.

ಕಬ್ಬಿಣಕ್ಕೆ ನಾವು ಹೊಸಬರೂ ಅಲ್ಲ. ಸಂಡೂರಿನ ಗುಡ್ಡದ ಅದಿರು, ತೋರಣಗಲ್ಲಿನ ಉಕ್ಕು ಊರೂರಿಗೆ ಹೋಗುತ್ತವೆ. ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಅಣೆಕಟ್ಟುಗಳ ಗೇಟುಗಳನ್ನೇ ಮಾಡುತ್ತಿತ್ತು. ಅದನ್ನು ಮುಚ್ಚಲು ಕೇಂದ್ರ 2015ರಲ್ಲಿ ತೀರ್ಮಾನಿಸಿತು. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ನಮ್ಮ ಬೆಳೆ, ನಮ್ಮ ಮೇವು ಎಲ್ಲ ನೀರಿನ ಜೊತೆ ಹೋಯಿತೆಂದು ಕಂಪ್ಲಿಯಿಂದ ಹಂಪಿಯವರೆಗೆ ಎಲ್ಲರೂ ಎದೆ ಹಿಡಿದುಕೊಂಡಿದ್ದೆವು. ಒಂದು ವಾರದಲ್ಲಿ ಅದನ್ನು ಮುಚ್ಚಿದ ಸ್ಟಾಪ್‌ಲಾಗ್‌ಗಳು ತಯಾರಾದದ್ದು ನಮ್ಮ ಸೀಮೆಯ ಕಾರ್ಖಾನೆಗಳಲ್ಲೇ. ಅಷ್ಟು ದೊಡ್ಡ ಗೇಟಿಗೂ ಕುತ್ತು ಬಂದದ್ದು ಒಂದು ಚೈನಿನಿಂದ. ಸಣ್ಣ ಸಾಮಾನೆಂದು ಅಸಡ್ಡೆ ಮಾಡಿದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು?

ಈಗ ಒಕ್ಕೂಟಕ್ಕೆ ನನ್ನ ಮಾತು. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ರಬ್ಬರ್ ಮ್ಯಾಟುಗಳಿಗೆ ಹಾಲು ಒಕ್ಕೂಟಗಳು ಸಹಾಯಧನ ಕೊಡುತ್ತ ಬಂದಿವೆ, ಒಳ್ಳೆಯದು. ಆದರೆ ಯಂತ್ರ ಕೊಟ್ಟು ಪಾನಾ ಕೊಡದಿರುವುದು ಪೆಟ್ಟಿಗೆ ಕೊಟ್ಟು ಕೀಲಿಕೈ ಇಟ್ಟುಕೊಂಡ ಹಾಗೆ. ಪಶು ಆಹಾರ, ಖನಿಜ ಮಿಶ್ರಣ ಇಡುವ ಸಂಘದ ಕೋಣೆಯಲ್ಲೇ ಪರೀಕ್ಷೆ ಮಾಡಿ ತಂದ ದೇಶಿ ಪಾನಾ ಇಡಿ. ಹಾಲಿನ ಬಿಲ್ಲಿನಲ್ಲಿ ಎರಡು ಕಂತಿನಲ್ಲಿ ಹಿಡಿದುಕೊಳ್ಳಿ. ಮಹಿಳೆಯರ ತರಬೇತಿ ಶಿಬಿರದಲ್ಲಿ ಕೆಚ್ಚಲು ಬಾವಿನ ಪಾಠದ ಜೊತೆ ಅರ್ಧ ದಿನ ನಟ್ಟು ಬೋಲ್ಟಿನ ಪಾಠವೂ ಇರಲಿ.

"ಒಕ್ಕೂಟದ ಕೆಲಸ ಹಾಲು, ಕಬ್ಬಿಣವಲ್ಲ" ಎನ್ನುವವರಿದ್ದಾರೆ. ಪಶು ಆಹಾರವೂ ಹಾಲಲ್ಲ. ಅದನ್ನೇಕೆ ಮಾರುತ್ತೇವೆ? ಹೊರಗಿನ ಮಾಲನ್ನು ನಂಬಲಾಗದು, ಎಲ್ಲರೂ ಕೂಡಿ ತಂದರೆ ಒಳ್ಳೆಯದು ನ್ಯಾಯವಾದ ಬೆಲೆಗೆ ಸಿಗುತ್ತದೆ ಎಂದು. ಸಹಕಾರವೆಂದರೆ ಅದೇ ತಾನೇ? ಇಷ್ಟು ಮನೆಗಳಿಂದ ಬೇಡಿಕೆ ಬಂದರೆ, ಗೇಟು ಮಾಡಬಲ್ಲ ನಮ್ಮ ಸೀಮೆಯವರು ಪಾನಾ ಮಾಡುವ ದಿನವೂ ಬಂದೀತು.

ಒಕ್ಕೂಟ ತರುವವರೆಗೆ ಕಾಯಬೇಡಿ. ಮುಂದಿನ ಬಟವಾಡೆಯ ದಿನ ಪೇಟೆಗೆ ನೀವೇ ಹೋಗಿ, ನಾಲ್ಕು ತೆಗೆಸಿ ನೋಡಿ, ಒಂದು ತನ್ನಿ. ದನದ ಕೊಟ್ಟಿಗೆಯಲ್ಲೇ, ನಿಮ್ಮ ಕೈಗೆ ಎಟುಕುವ ಮೊಳೆಗೆ ನೇತುಹಾಕಿ. ಯಾರಾದರೂ ಕೇಳಿದರೆ ಕೊಡಿ, ಆದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಅದು ವಾಪಸು ಆ ಮೊಳೆಯಲ್ಲೇ ಇರಬೇಕೆಂದು ಹೇಳಿ ಕೊಡಿ.