ಮಾರಿಕಣಿವೆಗೆ ಹೋಗಿ, ನಮ್ಮ ದಾರಿಯಲ್ಲೇ ಹೋಗಿ

ಸೆಮಿಸ್ಟರ್ ಪರೀಕ್ಷೆ ಮುಗಿದರೆ ಸಾಕು, ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಚರ್ಚೆ: ಮುಳ್ಳಯ್ಯನಗಿರಿಯೋ, ಕೊಡಗೋ? ‘ನಿಮ್ಮ ಕಡೆ ನೋಡೋಕೆ ಏನಿದೆ ಮಾರಾಯ, ಬರೀ ಜಾಲಿ ಗಿಡ, ಬಿಸಿಲು’ ಎಂದು ಮಲೆನಾಡಿನ ಗೆಳೆಯರು ಹೇಳಿದರೆ ನಕ್ಕು ಸುಮ್ಮನಾಗಬಹುದು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ನಾವೇ ‘ಹೌದಪ್ಪ, ಏನೂ ಇಲ್ಲ’ ಎಂದು ಒಪ್ಪಿಕೊಂಡಾಗ ಮಾತ್ರ ಬೇಸರವಾಗುತ್ತದೆ.

ಅಂಥವರಿಗೆ ನನ್ನದೊಂದು ಸಲಹೆ. ಕುದಾಪುರದಿಂದ ವಾಣಿವಿಲಾಸ ಸಾಗರಕ್ಕೆ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇರುವ ಮಾರಿಕಣಿವೆಗೆ, ಬೈಕಿನಲ್ಲಿ ಒಂದು ದಿನ ಹೋಗಿ ಬನ್ನಿ. ಚಳ್ಳಕೆರೆ, ಸಾಣಿಕೆರೆ, ಹಿರಿಯೂರು ದಾಟಿದರೆ ಸಿಗುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಕತ್ತಲಾಗುವ ಮುನ್ನ ಮನೆ. ಒಂದು ಫುಲ್ ಟ್ಯಾಂಕ್ ಪೆಟ್ರೋಲ್ ಸಾಕು.

ಹೊರಟ ಕೂಡಲೇ ಸಿಗುವುದು ಕಾವಲು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು ಅದು. ಬೇಸಿಗೆಯಲ್ಲಿ ನೋಡಿದವರು ಬಂಜರು ಎನ್ನುತ್ತಾರೆ. ಎರಡು ಹದ ಮಳೆ ಬಿದ್ದ ಮೇಲೆ ನೋಡಬೇಕು. ದೃಷ್ಟಿ ಹೋದಷ್ಟು ದೂರ ಹಸಿರು, ನಡುವೆ ಕುರಿಮಂದೆ. ಅದೃಷ್ಟವಿದ್ದರೆ ಕೃಷ್ಣಮೃಗವೂ ಕಾಣುತ್ತದೆ. ಈಗ ರಸ್ತೆಯ ಪಕ್ಕದಲ್ಲಿ ಕಾಂಪೌಂಡ್ ಗೋಡೆ ನಮ್ಮ ಜೊತೆಗೇ ಓಡುತ್ತದೆ. ಐಐಎಸ್‌ಸಿಯ 1,500 ಎಕರೆ ಕ್ಯಾಂಪಸ್ ಇಲ್ಲಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೊಗೂ ಬಾಬಾ ಅಣು ಸಂಶೋಧನಾ ಕೇಂದ್ರಕ್ಕೂ ಜಾಗ ಕೊಟ್ಟಿದ್ದಾರೆ.

ಅಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ ಬೇಡ ಎನ್ನುವವನು ನಾನಲ್ಲ. ಆದರೆ ಆ ನೆಲ ಯಾವತ್ತೂ ಖಾಲಿ ಇರಲಿಲ್ಲ. ಸುತ್ತಲ ಹಳ್ಳಿಗಳ ದನ-ಕುರಿ ಅಲ್ಲೇ ಮೇಯುತ್ತಿದ್ದವು, ಆ ಕುರಿಯ ಉಣ್ಣೆಯಿಂದಲೇ ಕಂಬಳಿ ಆಗುತ್ತಿತ್ತು. ಗೋಡೆ ಎದ್ದಾಗ ಜನ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ‘ಇಲ್ಲಿ ಏನೂ ಇಲ್ಲ’ ಎಂಬ ಮಾತು ಬರೀ ತಮಾಷೆಯಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ. ಏನೂ ಇಲ್ಲದ ಜಾಗವನ್ನು ಯಾರಿಗೆ ಬೇಕಾದರೂ ಕೊಡಬಹುದಲ್ಲ!

ಹಿರಿಯೂರಿನವರೆಗಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇಂಗಾ ಹೊಲ, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರ, ಇಡ್ಲಿ-ವಡೆಗೆ ಒಂದು ಸ್ಟಾಪ್. ಊರೊಳಗೆ ತೇರುಮಲ್ಲೇಶ್ವರನಿಗೆ ಕೈಮುಗಿದು ಹೊಸದುರ್ಗದ ರಸ್ತೆ ಹಿಡಿದರೆ ಗುಡ್ಡಗಳು ಹತ್ತಿರವಾಗುತ್ತವೆ.

ಎರಡು ಗುಡ್ಡಗಳ ಸಂದಿಯಲ್ಲಿ ವೇದಾವತಿಯನ್ನು ನಿಲ್ಲಿಸಿದ ಕಲ್ಲಿನ ಅಣೆಕಟ್ಟು ಇದು. 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ಆಗ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರೇ ಇದಕ್ಕೆ ಬಂತು. ಸಿವಿಲ್ ಓದುವವನಿಗೆ ಕಟ್ಟೆಯ ಮೇಲೆ ನಿಂತರೆ ಪಠ್ಯಪುಸ್ತಕದ ಗ್ರಾವಿಟಿ ಡ್ಯಾಮ್ ಕಾಲಡಿಗೇ ಸಿಕ್ಕ ಹಾಗೆ. 130 ಅಡಿ ತುಂಬಿದರೆ ಸುಮಾರು 30 ಟಿಎಂಸಿ ನೀರು. ಅದಕ್ಕೂ ಮಿಕ್ಕಿದ್ದು ನಮ್ಮೂರ ಕೆರೆಯಂತೆಯೇ ಕೋಡಿಯಲ್ಲಿ ಹರಿಯುತ್ತದೆ. ಗುಡ್ಡ ಹತ್ತಿ ನೋಡಿದರೆ ಹಿನ್ನೀರು ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಎನ್ನುತ್ತಾರೆ. ಕನ್ಯಾಕುಮಾರಿ ಹುಡುಕಲು ನಮಗೆ ಹತ್ತು ನಿಮಿಷ ಬೇಕಾಯಿತು!

1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ನಾನು ಹೈಸ್ಕೂಲು ಸೇರುವ ಮುಂಚೆ ಇದೇ ಜಲಾಶಯದ ತಳ ಕಾಣುತ್ತಿತ್ತು. ಒಳ್ಳೆಯ ಮಳೆಯ ಜೊತೆಗೆ ಅಜ್ಜಂಪುರದ ಸುರಂಗದಿಂದ ಭದ್ರೆಯ ನೀರೂ ಬರತೊಡಗಿದ ಮೇಲೆ ಚಿತ್ರ ಬದಲಾಯಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಕೆಳಗಿನ ನಮಗೆ ಅದು ಹಬ್ಬ. ಹೊಸದುರ್ಗದ ಕಡೆಯ ರೈತರ ತೋಟಗಳಿಗೆ ಹಿನ್ನೀರು ನುಗ್ಗಿದ್ದೂ ಆಗಲೇ. ಅದಕ್ಕೇ ಕಟ್ಟೆ ನೋಡಿ ಅಲ್ಲಿಂದಲೇ ತಿರುಗಬೇಡಿ. ಹೊಸದುರ್ಗದ ರಸ್ತೆಯಲ್ಲಿ ಇನ್ನಷ್ಟು ದೂರ ಹೋಗಿ, ತೆಂಗಿನ ತೋಟದವರ ಜೊತೆ ನಾಲ್ಕು ಮಾತಾಡಿ.

ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ನಲ್ಲಿಗಳಿಗೆ ಬರುವುದು ಇದೇ ನೀರು. ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಕಾದವರಿಗೆ ಇದನ್ನು ‘ವ್ಯೂ ಪಾಯಿಂಟ್’ ಎಂದು ಮಾತ್ರ ಕರೆಯಲು ಬಾಯಿ ಬರುವುದಿಲ್ಲ. ಪ್ರವಾಸೋದ್ಯಮ ಬೆಳೆಯಲಿ, ಆದರೆ ದಡಕ್ಕೆ ಒಂದು ರೆಸಾರ್ಟ್ ತಂದಿಟ್ಟರೆ ಆಗದು. ಡಿಗ್ರಿ ಮುಗಿಸಿ ಬೆಂಗಳೂರಿನ ಪಿಜಿಗಳಲ್ಲಿ ಕೆಲಸ ಹುಡುಕುತ್ತಿರುವ ನಮ್ಮ ಹುಡುಗ-ಹುಡುಗಿಯರಿಗೆ ಕಾವಲಿನ ಹುಲ್ಲು, ಹಕ್ಕಿ, ಕಟ್ಟೆಯ ಚರಿತ್ರೆ ಹೇಳುವ ಗೈಡ್ ತರಬೇತಿ ಕೊಡಲಿ. ಬೈಕ್ ಇಲ್ಲದವರಿಗಾಗಿ ಚಳ್ಳಕೆರೆಯಿಂದ ಭಾನುವಾರಕ್ಕೊಂದು ಬಸ್ ಬಿಡಲಿ. ಹೆಣ್ಣುಮಕ್ಕಳು ಧೈರ್ಯವಾಗಿ ಬರಬೇಕಾದರೆ ಅದೂ ಬೇಕು, ಶುಚಿಯಾದ ಶೌಚಾಲಯವೂ ಬೇಕು.

ಹೋಗುವವರು ಕುಡಿಯುವ ನೀರು, ಟೋಪಿ ಇಟ್ಟುಕೊಳ್ಳಿ. ನೀರಿಗೆ ಮಾತ್ರ ಇಳಿಯಬೇಡಿ, ಆಳ ಗೊತ್ತಾಗುವುದಿಲ್ಲ. ಬರುವಾಗ ಹಿರಿಯೂರಿನ ಸೇತುವೆ ಮೇಲೆ ಐದು ನಿಮಿಷ ನಿಲ್ಲಿ. ಕೆಳಗೆ ಹರಿಯುವ ವೇದಾವತಿ ನಮ್ಮ ತಾಲ್ಲೂಕಿನ ಪರಶುರಾಂಪುರದ ಕಡೆಗೇ ಹೊರಟಿರುತ್ತಾಳೆ.