ಸುಮ್‌ಸುಮ್ನ ಒದರೋ ಗಾಡಿ ಅಂತ ಒಂದೂ ಇಲ್ಲ

ಇವತ್ತ ಕಬ್ಬಿನ ಸುದ್ದಿ ಅಲ್ಲ, ಕಾರಿನ ಸುದ್ದಿ. ಆದ್ರ ಕಬ್ಬೂ ಇದರಾಗ ಬರತೈತಿ, ಪೂರ್ತಿ ಓದ್ರಿ.

ನಮ್ಮ ಚಿಕ್ಕೋಡಿ ಭಾಗದಾಗ ಈಗ ಓಣಿಗೆ ನಾಕೈದು ಸೆಕೆಂಡ್ ಹ್ಯಾಂಡ್ ಕಾರ ಅದಾವ. ತಗೊಂಡ ವಾರದಾಗ ಅಂಗಡಿಗೆ ಒಯ್ದು ಅಲಾರಂ ಹಚ್ಚಸ್ತೀವಿ. ಆಮ್ಯಾಲ ಅದು ನಡುರಾತ್ರಿ ಒದರಾಕ ಸುರು ಮಾಡತೈತಿ. ಮಾಲಕ ಹಾಸಿಗ್ಯಾಗ ಮಲಕೊಂಡನ ರಿಮೋಟ್ ಒತ್ತಿ, "ಅದು ಸುಮ್‌ಸುಮ್ನ ಒದರತೈತಿ ಬಿಡ್ರಿ" ಅಂತಾನ. ನನ್ನ ಜಗಳ ಇರೋದು ಈ ಮಾತಿನ ಮ್ಯಾಲ. ಸುಮ್‌ಸುಮ್ನ ಏನೂ ಒದರೂದಿಲ್ಲ. ಕಾರಣ ಐತಿ, ನಾವು ಹುಡುಕಿಲ್ಲ ಅಷ್ಟ.

ನಾನೂ ಹಂಗ ಅಂದಾಂವನ. ಹೋದ ಹಂಗಾಮಿನಾಗ ನಮ್ಮ ಗಾಡಿ ಹತ್ತು ಹನ್ನೆರಡು ರಾತ್ರಿ ಒದರಿತು. ಮೊದಲನೇ ರಾತ್ರಿ ಓಣಿ ಮಂದಿ ಟಾರ್ಚ್ ಹಿಡಕೊಂಡು ಓಡಿ ಬಂದ್ರು. ಎರಡನೇ ರಾತ್ರಿ ಇಬ್ಬರು ಬಂದ್ರು. ಮೂರನೇ ರಾತ್ರಿ ಯಾರೂ ಇಲ್ಲ. ಬಾಜೂ ಮನ್ಯಾಗ ಬಾಣಂತಿ ಇದ್ಲು, ಕೂಸು ದಿನಾ ಬೆಚ್ಚಿ ಅಳತಿತ್ತು. ಅವರು ಒಂದು ಮಾತ ಅನಲಿಲ್ಲ, ನನ್ನ ಮಾರಿ ನೋಡೂದು ಬಿಟ್ರು. ಕಡೀಕ ಒಂದ ರಾತ್ರಿ ಖರೇನ ಕಳ್ಳ ಬಂದ. ಹಿಂದಿನ ಗ್ಲಾಸ್ ಒಡದು, ಔಷಧ ಹೊಡಿಯೋ ಪಂಪ್ ಎತಗೊಂಡ ಹೋದ. ಅಲಾರಂ ತನ್ನ ಕೆಲಸ ಬರೋಬ್ಬರಿ ಮಾಡಿತ್ತು. ಓಣಿ ಮಗ್ಗಲ ಬದಲಿಸಿ ಮಲಗಿತ್ತು. ನಾನು ಕಣ್ಣ ತೆರೀದ ರಿಮೋಟ್ ಒತ್ತಿದ್ದೆ. ಅಂದ್ರ ಕಳ್ಳಗ ಸಪ್ಪಳ ಬಂದ್ ಮಾಡಿ ಕೊಟ್ಟಾಂವ ನಾನ.

"ವೈರ್ ಕಿತ್ತ ಒಗೀರಿ" ಅಂತ ಬುದ್ಧಿ ಹೇಳೋರು ಭಾಳ ಮಂದಿ. ಅವರಿಗೆ ಒಂದ ಮಾತು. ಹೊರಗ ಹಚ್ಚಿಸಿದ ಎಷ್ಟೋ ಅಲಾರಂದಾಗ ಇಂಜಿನ್ ಚಾಲೂ ಆಗದಂಗ ತಡಿಯೋ ರಿಲೇ ಒಂದು ಕೂಡೇ ಇರತೈತಿ. ಗೊತ್ತಿಲ್ಲದ ಕತ್ತರಿ ಹಾಕಿದ್ರ ಗಾಡಿ ಹೊಲದಾಗ ನಿಂತಬಿಡತೈತಿ. ಬೆಳಿಗೆ ರೋಗ ಬಂತಂದ್ರ ಬೆಳಿ ಕೀಳ್ತೀವೇನು? ಮೊದಲ ಎಲಿ ತಿರುವಿ ನೋಡ್ತೀವಿಲ್ಲೋ.

ಕಳ್ಳತನ ಆದಮ್ಯಾಲ ನನಗ ಬುದ್ಧಿ ಬಂತು. ಕ್ಯಾಲೆಂಡರ್ ಮ್ಯಾಲ ಅಲಾರಂ ಒದರಿದ ಟೈಮ್ ಬರಿಯಾಕ ಹತ್ತಿದೆ. ಮತ್ತ ಒಂದ ಸಲಕ್ಕ ಒಂದ ತಪಾಸಣೆ. ಮೂರು ಔಷಧ ಕೂಡಿಸಿ ಹೊಡದ್ರ ಯಾವುದು ಹತ್ತಿತು ಅಂತ ತಿಳಿಯೂದಿಲ್ಲ, ಇದೂ ಹಂಗ.

ಮೊದಲ ಬ್ಯಾಟರಿ. ರಾತ್ರೆಲ್ಲ ನಿಂತ ಗಾಡಿಗೆ ಮುಂಜಾನೆ ಮೀಟರ್ ಹಚ್ಚಿದ್ರ 12.6 ವೋಲ್ಟ್ ಅಕ್ಕಪಕ್ಕ ಇರಬೇಕು. 12ಕ್ಕ ಇಳದಿದ್ರ ಬ್ಯಾಟರಿ ಖಾಲಿ ಆದಂಗ. ವೋಲ್ಟ್ ಕುಸಿದ್ರ ಕೆಲವು ಅಲಾರಂ ಯಾರೋ ಕೈ ಹಾಕ್ಯಾರ ಅಂತ ತಿಳಿದು ಒದರತಾವ. ಟರ್ಮಿನಲ್ ಮ್ಯಾಲ ಬಿಳಿ, ಹಸಿರು ಕಿಲುಬು ಇದ್ರ ಬಿಸಿನೀರು, ಅಡಗಿ ಸೋಡಾ ಹಾಕಿ ತಿಕ್ಕರಿ. ನನ್ನ ಬ್ಯಾಟರಿ ಚಲೋ ಇತ್ತು.

ಎರಡನೇದು ಬಾನೆಟ್ ಸ್ವಿಚ್. ಕೆಸರು, ನೀರು ಕುಂತು ಜಂಗು ಹಿಡಿತೈತಿ, ಆವಾಗ ಬಾನೆಟ್ ಮುಚ್ಚಿದ್ರೂ ತೆರದೈತಿ ಅಂತ ಅಲಾರಂಗ ಸುಳ್ಳ ಹೇಳತೈತಿ. ಬಾಗಿಲ ಸ್ವಿಚ್ಚಿಂದೂ ಇದ ಕತಿ. ನಾನು ಉಜ್ಜಿ ಸ್ವಚ್ಛ ಮಾಡಿದೆ, ಆದ್ರೂ ಒದರಿತು.

ಮೂರನೇದು ಇಲಿ. ಕಬ್ಬಿನ ಪಡದ ಬಾಜೂಕ ಗಾಡಿ ನಿಲ್ಲಸೋರು ಬಾನೆಟ್ ಎತ್ತಿ ವೈರ್ ಕಡದಾವೇನು ನೋಡ್ರಿ. ನನ್ನದ್ರಾಗ ಇಲ್ಲ.

ನಾಕನೇದು ಶಾಕ್ ಸೆನ್ಸರ್. ಡ್ಯಾಶ್‌ಬೋರ್ಡ್ ಕೆಳಗ ಸಣ್ಣ ಡಬ್ಬಿ, ಅದಕ್ಕ ಒಂದ ತಿರುಪು. ಈಗ ಕ್ಯಾಲೆಂಡರ್ ತಗದು ನೋಡಿದೆ. ಒದರಿದ್ದೆಲ್ಲ ನಡುರಾತ್ರಿ ದಾಟಿದಮ್ಯಾಲ, ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಡೆಕ್ ಹಚ್ಚಿಕೊಂಡು ಟ್ರ್ಯಾಕ್ಟರ್ ಕಾರ್ಖಾನಿಗೆ ಹೋಗೋ ಹೊತ್ತಿನಾಗ! ನೆಲ ನಡಗತಿತ್ತು, ಸೆನ್ಸರ್ ಎಚ್ಚರ ಆಗತಿತ್ತು. ಅಂಗಡಿಯಾಂವ ತಿರುಪು ಪೂರ್ತಿ ಏರಿಸಿ ಕಳಿಸಿದ್ದ. ಗಿರಾಕಿ ಮುಂದ ಬಟ್ಟ ತಾಗಿಸಿ "ನೋಡ್ರಿ ಹೆಂಗ ಒದರತೈತಿ" ಅಂತ ತೋರಿಸೂದು ಅವರಿಗೆ ಹೆಮ್ಮಿ. ನಾವೂ ಅದನ್ನ ನೋಡಿ ಖುಷಿಲೆ ರೊಕ್ಕ ಕೊಟ್ಟ ಬರ್ತೀವಿ. ನಾನು ತಿರುಪು ಸ್ವಲ್ಪ ಸ್ವಲ್ಪ ಇಳಿಸಿದೆ. ಅಂಗೈಲೆ ಜೋರ ಬಡದ್ರ ಒದರಬೇಕು, ಟ್ರ್ಯಾಕ್ಟರ್ ಹೋದ್ರ ಸುಮ್ಮನಿರಬೇಕು. ಹತ್ತು ಮಿನಿಟಿನ ಕೆಲಸ. ಅದಕ್ಕ ನಾನು ಹನ್ನೆರಡು ರಾತ್ರಿ ಓಣಿ ನಿದ್ದಿ ಕೆಡಿಸಿದ್ದೆ.

ಕಾಯ್ದೆನೂ ಐತಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಮುಂಜಾನೆ 6ರ ತನಕ ಮನಿಗಳಿರೋ ಕಡೆ 45 ಡೆಸಿಬೆಲ್ ಮಿತಿ. ಅಲಾರಂ ಸೈರನ್ ಅದಕ್ಕಿಂತ ಎಷ್ಟೋ ಜೋರು. ಅಮೆರಿಕಾದ ನ್ಯೂಯಾರ್ಕ್ ಊರಾಗ ಕಾರಿನ ಅಲಾರಂ 3 ಮಿನಿಟಿನೊಳಗ ತಾನ ಬಂದ್ ಆಗಬೇಕಂತ ನಿಯಮ ಮಾಡ್ಯಾರ. ಆದ್ರ ನನಗ ಕಾಯ್ದೆಕ್ಕಿಂತ ದೊಡ್ಡದು ಬಾಜೂ ಮನಿ ಕೂಸು. ನಮ್ಮ ಮಾಲು ಕಾಯಾಕ ಮಂದಿ ನಿದ್ದಿ ಬಿಡಬೇಕು ಅನ್ನೋ ಹಕ್ಕು ನಮಗ ಯಾರು ಕೊಟ್ಟಾರ?

ಅಲಾರಂ ಕಳ್ಳನ್ನ ಹಿಡಿಯೂದಿಲ್ಲ, ಮಂದಿನ ಕರಿತೈತಿ. ಮಂದಿ ಬರೂದು ನಂಬಿಕಿ ಇದ್ರ ಮಾತ್ರ. ಆ ನಂಬಿಕಿ ಒಮ್ಮೆ ಹೋತಂದ್ರ ಯಾವ ಅಂಗಡ್ಯಾಗೂ ರಿಪೇರಿ ಆಗೂದಿಲ್ಲ. ನಾನು ಬಾಜೂ ಮನಿಗೆ ಹೋಗಿ ತಪ್ಪಾತು ಅಂತ ಹೇಳಿ ಬಂದೆ. ಇವತ್ತ ಸಂಜೀಕ ನೀವೂ ನಿಮ್ಮ ಗಾಡಿ ತಿರುಪು ಒಮ್ಮೆ ನೋಡ್ರಿ.