ಕೊಂಡ ಆಟಕ್ಕೆ ಯಾರ ಬೀಗ?

ಕಾಸು ಕೊಟ್ಟು ಕೊಂಡ ವಸ್ತು ಕೊಂಡವನದು ಎಂಬುದು ನಮ್ಮ ಸಂತೆಯ ನ್ಯಾಯ. ನೇಗಿಲು ಮಾರಿದವನು ದಿನ ಬೆಳಗಾದರೆ ಹೊಲಕ್ಕೆ ಬಂದು, 'ಕೊಂಡವನು ನೀನೇ ಹೌದೆ?' ಎಂದು ವಿಚಾರಿಸುವುದುಂಟೆ? ಗಣಕಯಂತ್ರದ ಆಟಗಳನ್ನು ಮಾರುವ ಅನೇಕ ಕಂಪನಿಗಳು ಹೀಗೆ ವಿಚಾರಿಸುತ್ತವೆ. ಆಟ ನಮ್ಮ ಯಂತ್ರದಲ್ಲಿಯೇ ಇದ್ದು, ಒಬ್ಬನೇ ಕುಳಿತು ಆಡುವುದಾದರೂ, ಇಂಟರ್‌ನೆಟ್ಟಿನಲ್ಲಿ ಲಾಗಿನ್ ಆಗಿ ಅವರ ಅಪ್ಪಣೆ ಪಡೆದ ಹೊರತು ಬಾಗಿಲು ತೆರೆಯದು.

ಕಳ್ಳಪ್ರತಿಯ ಭಯದಿಂದ ಈ ಏರ್ಪಾಡು ಹುಟ್ಟಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನೂರಾರು ಜನ ವರ್ಷಗಟ್ಟಲೆ ದುಡಿದು ಕಟ್ಟಿದ್ದನ್ನು ಪುಕ್ಕಟೆ ಹಂಚುವುದು ಅನ್ಯಾಯವೇ ಸರಿ. 1980ರ ದಶಕದಲ್ಲಿ ಕೆಲವು ಆಟಗಳು, ಜೊತೆಗೆ ಬಂದ ಕೈಪಿಡಿಯ ಇಂಥ ಪುಟದ ಇಂಥ ಪದ ಯಾವುದೆಂದು ಕೇಳುತ್ತಿದ್ದವು. ಕಿರಿಕಿರಿಯೇನೋ ಹೌದು, ಆದರೆ ಪುಸ್ತಕ ಕೈಯಲ್ಲಿರುವವರೆಗೆ ಆಟ ನಮ್ಮದು. ಈಗಿನ ಬೀಗದ ಕೀಲಿಯಾದರೋ ದೂರದ ಸರ್ವರಿನಲ್ಲಿದೆ. 2013ರ ಮಾರ್ಚಿನಲ್ಲಿ 'ಸಿಮ್‌ಸಿಟಿ' ಹೊರಬಂದಾಗ ಸರ್ವರುಗಳು ಸಂದಣಿ ತಾಳದೆ ಸೋತು, ಹಣ ತೆತ್ತವರೇ ಹೊರಗೆ ನಿಂತರು. ನೆಟ್ ಇಲ್ಲದೆ ಆಡುವ ಅವಕಾಶ ಬರಲು ಒಂದು ವರ್ಷ ಹಿಡಿಯಿತು.

ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಾಸ್ಟೆಲಿನ ಗೆಳೆಯರು ಚಂದಾ ಎತ್ತಿ ಒಂದು ಆಟ ಕೊಂಡೆವು. ರಜೆಯಲ್ಲಿ ಅದನ್ನು ನಮ್ಮೂರಿಗೆ ಒಯ್ದರೆ ಉಪಯೋಗವಿಲ್ಲ. ಅಲ್ಲಿ ಸಿಗ್ನಲ್ ಬೇಕಾದರೆ ಕೆರೆಯ ಏರಿ ಹತ್ತಬೇಕು. ಬೀಗ ಮುರಿದ ಪ್ರತಿಯನ್ನು ಆಡುವವನಿಗೆ ಈ ಪಾಡಿಲ್ಲ. ಪ್ರಾಮಾಣಿಕನಿಗೆ ಮಾತ್ರ ಕಾವಲು! ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆ ವಿಧಿಸುತ್ತದೆ. ಕೀಲಿಯನ್ನೇ ಬಿಸುಟು ಹೋಗುವ ಮಾರಾಟಗಾರನ ವಿಷಯ ಆ ಕಲಮಿನಲ್ಲಿಲ್ಲ.

ಹಾಗೆ ಬಿಸುಟವರಿದ್ದಾರೆ. 2014ರಲ್ಲಿ ಯೂಬಿಸಾಫ್ಟ್ ಹೊರತಂದ 'ದಿ ಕ್ರೂ' ಎಂಬ ಕಾರುಪಂದ್ಯದ ಆಟ, ಒಂಟಿಯಾಗಿ ಆಡುವಾಗಲೂ ಸರ್ವರನ್ನು ಬೇಡುತ್ತಿತ್ತು. 2024ರ ಮಾರ್ಚ್ 31ರಂದು ಸರ್ವರು ನಿಂತಿತು. ಡಿಸ್ಕು ಕಪಾಟಿನಲ್ಲಿ ಉಳಿಯಿತು, ಆಟ ಉಳಿಯಲಿಲ್ಲ. ಇದರಿಂದ ಕೆರಳಿದ ರಾಸ್ ಸ್ಕಾಟ್ ಎಂಬವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಹೂಡಿದರು; 2025ರ ಜುಲೈ ವೇಳೆಗೆ ಯೂರೋಪಿನ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಅವರ ಬೇಡಿಕೆಗೆ ಸಹಿ ಹಾಕಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಹಿಂದಕ್ಕೆ ಕಸಿಯಬಹುದಾದ ಡಿಜಿಟಲ್ ಸರಕಿಗೆ 'ಕೊಳ್ಳಿರಿ' ಎಂದು ಬರೆಯುವವರು, ಇದು ಬರಿಯ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸಬೇಕು.

ನಾನು ಕೇಳುವುದು ಇಷ್ಟೆ: ಬಾಡಿಗೆಯಾದರೆ ಬಾಡಿಗೆಯೆಂದೇ ಹೇಳಿ, ಮಾರಾಟವಾದರೆ ಸರ್ವರು ನಿಲ್ಲಿಸುವ ದಿನ ಬೀಗ ತೆಗೆದು ಹೋಗಿ. ಇದು ಆಗದ ಕೆಲಸವಲ್ಲ. ಪೋಲೆಂಡಿನ 'ಗಾಗ್' ಎಂಬ ಅಂಗಡಿ 2008ರಿಂದಲೂ ಬೀಗವಿಲ್ಲದ ಆಟಗಳನ್ನು ಮಾರುತ್ತಿದೆ. ಯೂಬಿಸಾಫ್ಟಿನವರೇ 2024ರ ಸೆಪ್ಟೆಂಬರಿನಲ್ಲಿ 'ದಿ ಕ್ರೂ 2'ಕ್ಕೆ ನೆಟ್ ಇಲ್ಲದೆ ಆಡುವ ವ್ಯವಸ್ಥೆ ಮಾಡುವುದಾಗಿ ಸಾರಿ, ಮರುವರ್ಷ ಕೊಟ್ಟರು. ಮೊದಲನೆಯ ಆಟವನ್ನು ಕೊಂಡವರಿಗೆ ಆ ಭಾಗ್ಯ ಬರಲಿಲ್ಲ.